ಗಂಟೆ ಯಾರದು

ನಮ್ಮ ಊರಿನಲ್ಲಿ ಬೆಳಗಾಗುವಷ್ಟರಲ್ಲಿ ಯಾರದಾದರೂ ಮನೆಯ ಒಂದು ವಸ್ತು ಇನ್ಯಾರದೋ ಮನೆ ಸೇರಿರುತ್ತದೆ. ಕಳ್ಳರ ಕೆಲಸವಲ್ಲ, ಬೆಕ್ಕಿನದೂ ಅಲ್ಲ. ಹೋಗುತ್ತದೆ, ಅಷ್ಟೇ. ಮೊಳೆಗೆ ತೂಗುಹಾಕಿದ್ದ ಸೌಟು ಅಲ್ಲಿರುವುದಿಲ್ಲ. ಮೂರನೇ ಬೀದಿಯ ಯಾರದೋ ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಆರಾಮವಾಗಿ ಒರಗಿಕೊಂಡಿರುತ್ತದೆ. ಹಿಂದೆಲ್ಲ ಜನ ಹೀಗೆ ಬಂದ ಸೌಟನ್ನು ಎತ್ತಿ ಹಿಡಿದುಕೊಂಡು ಊರು ಸುತ್ತುತ್ತಿದ್ದರಂತೆ. ಈಗ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಗುಂಪಿನ ಹೆಸರು 'ಇದು ಯಾರದು'.

ಕಳೆದುಕೊಂಡವರು ತಾವೇ ಬಾಯಿ ಬಿಟ್ಟು ಕೇಳುವಂತಿಲ್ಲ. ಇದು ಗುಂಪಿನವರು ಮಾಡಿದ ಕಟ್ಟಳೆಯಲ್ಲ, ಊರಿನದು. 'ಅದು ನಂದು' ಎಂದರೆ, ಅಥವಾ ಮನೆಯವರು ಯಾರಾದರೂ ಕಣ್ಸನ್ನೆಯಲ್ಲಿ ತೋರಿಸಿಕೊಟ್ಟರೆ, ಆ ವಸ್ತು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಕರಿ ಇಸ್ಮಾಯಿಲ್ ಸಾಬರ ಹೊಸ ಕೊಡೆ ಹಾಗೆಯೇ ಹೋಯಿತು. ಹೋದದ್ದರ ಬದಲಿಗೆ ಅಂಥದೇ ಇನ್ನೊಂದು ಕೊಂಡು ತಂದರೆ ಮರುದಿನ ಅದೂ ನಾಪತ್ತೆ. ಬೇರೆಯವರು ಯಾರಾದರೂ ನೋಡಿ, ಗುರುತು ಹಿಡಿದು, ಇದು ಇಂಥವರದು ಎಂದು ಹೆಸರು ಹೇಳಬೇಕು. ಅವರು ಹೇಳಿದ ಮೇಲೆ ನಾವು ಹೌದೆನ್ನಬಹುದು. ಹೆಸರು ಸರಿಯಾಗಿದ್ದರೆ ವಸ್ತು ಮನೆಯಲ್ಲಿ ನಿಲ್ಲುತ್ತದೆ, ತಪ್ಪಾಗಿದ್ದರೆ ಮರುದಿನ ಮತ್ತೆ ಯಾರದೋ ಮನೆಗೆ ಹೊರಡುತ್ತದೆ. ತಪ್ಪು ಹೇಳಿದವರು ಯಾರ ಹೆಸರು ಹೇಳಿದ್ದರೋ ಅವರ ಮನೆಗೆ ಏನಾದರೂ ತಿಂಡಿ ಮಾಡಿ ಒಯ್ದು ಕೊಡಬೇಕು. ಈ ಕೊನೆಯದು ಮಾತ್ರ ಗುಂಪಿನವರು ಸೇರಿಸಿದ್ದು. ಇದಕ್ಕೆ ತಪ್ಪಿನ ತಿಂಡಿ ಎನ್ನುತ್ತಾರೆ.

ಗುಂಪಿನಲ್ಲಿ ಇಬ್ಬರು ಹುಲಿಗಳು. ಒಬ್ಬರು ಸ್ಟೆಲ್ಲಾ ಮೇಡಂ. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು, ರಿಟೈರ್ ಆಗಿ ಎಷ್ಟೋ ಕಾಲವಾದರೂ ಕುತ್ತಿಗೆಯಿಂದ ವಿಷಲ್ ಇಳಿಸಿಲ್ಲ. ಇನ್ನೊಬ್ಬ ಹಿಟ್ಟಿನ ಗಿರಣಿಯ ರೇವಣ್ಣ. ಯಾರು ಹೆಚ್ಚು ಗುರುತು ಹಿಡಿದರು ಎಂದು ಇವರಿಬ್ಬರಿಗೂ ದಿನಾ ಜಟಾಪಟಿ. ಒಂದು ಬೆಳಿಗ್ಗೆ ಹಲ್ಲು ಮುರಿದ ಬಾಚಣಿಗೆಯೊಂದರ ಫೋಟೋ ಬಂತು.

"ಬೇಕರಿ ಸಾಬರದ್ದು" ಎಂದು ರೇವಣ್ಣ ನೋಡಿದ ಕೂಡಲೇ ಬರೆದ.

"ರೇವಣ್ಣ, ನನ್ನ ತಲೆ ಯಾವತ್ತಾದ್ರೂ ನೋಡಿದೀರಾ? ಬಾಚಣಿಗೆ ಇಟ್ಕೊಂಡು ಏನ್ ಮಾಡ್ಲಿ, ಬನ್ನಿಗೆ ಬೈತಲೆ ತೆಗೀಲಾ?" ಎಂದು ಸಾಬರು ಬರೆದರು.

"ಕ್ಷಮಿಸ್ಬಿಡಿ ಸಾಬರೇ, ಅವರ ಕಣ್ಣಿಗೆ ಹಿಟ್ಟು ಬಿದ್ದಿದೆ" ಎಂದು ಸ್ಟೆಲ್ಲಾ ಮೇಡಂ ಶುರುಮಾಡಿದರು. "ಫೋಟೋ ದೊಡ್ಡದು ಮಾಡಿ ನೋಡ್ರೀ ರೇವಣ್ಣ. ಒಂದು ಉದ್ದ ಕೂದಲು, ಒಂದು ಗಿಡ್ಡ ಕೂದಲು. ಗಂಡ ಹೆಂಡ್ತಿ ಒಂದೇ ಬಾಚಣಿಗೇಲಿ ತಲೆ ಬಾಚ್ಕೊಳ್ಳೋದು ಪೋಸ್ಟ್ ಮಾಸ್ಟರ್ ಮನೇಲಿ ಮಾತ್ರ."

ಪೋಸ್ಟ್ ಮಾಸ್ಟರರು ನಾಚಿಕೊಂಡು ಹೌದೆಂದರು. ರೇವಣ್ಣನದು ಒಂದು ಧ್ವನಿ ಸಂದೇಶ ಬಂತು, ಹಿಂದೆ ಗಿರಣಿಯ ಸದ್ದು: "ಸಾಬರೇ, ನಿಪ್ಪಟ್ಟು ಮಾಡಿಸ್ಲಾ, ಚಕ್ಲಿ ಮಾಡಿಸ್ಲಾ?" ಸಾಬರು ಬರೆದರು: "ಎರಡೂ. ಅವಮಾನ ದೊಡ್ಡದು."

ನಾನು ಇದನ್ನೆಲ್ಲ ಓದುತ್ತಿದ್ದೆ, ಒಂದಕ್ಷರ ಬರೆಯುತ್ತಿರಲಿಲ್ಲ. ಕೆಲಸವಿಲ್ಲದವರ ಆಟ ಎಂದು ಮೂಗು ಮುರಿಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನು ಕರೆದುಕೊಂಡು ಈ ಊರಿಗೆ ಬಂದು, ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿ ಸೀರೆಗಳಿಗೆ ಫಾಲ್ ಪೀಕೋ ಮಾಡಿಕೊಂಡಿದ್ದೆ. ಅತ್ತೆಗೆ ಲಕ್ವ ಹೊಡೆದು ಬಲಗಡೆಯ ಕೈಕಾಲು, ಜೊತೆಗೆ ಮಾತು, ಎರಡೂ ಬಿದ್ದುಹೋಗಿದ್ದವು. ಹಿಂದಿನ ಊರಿನಲ್ಲಿ ಅವರನ್ನು ನೋಡಲು ಬರುವವರದೇ ಒಂದು ಕಾಟ. ಬರುವುದು, ಹಾಸಿಗೆಯ ಪಕ್ಕ ನಿಲ್ಲುವುದು, 'ಅಯ್ಯೋ ಪಾಪ, ಹೇಗಿದ್ದೋರು ಹೇಗಾಗ್ಬಿಟ್ರು' ಎಂದು ಲೊಚಗುಟ್ಟುವುದು. ಅವರು ಹೋದ ಮೇಲೆ ಅತ್ತೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು, ಊಟವೂ ಬೇಡ. ಹಾಗಾಗಿ ಈ ಊರಿಗೆ ಬಂದವಳೇ ನಡುಮನೆಯ ಬಾಗಿಲು ಮುಚ್ಚಿದೆ. ಗಿರಾಕಿಗಳು ಮುಂದಿನ ಕೋಣೆಯಿಂದಲೇ ವಾಪಸು. ಒಳಗೆ ಇನ್ನೊಂದು ಜೀವ ಇದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದರ ಫಲ ಏನೆಂದರೆ, ನಮ್ಮ ಮನೆಯಿಂದ ಹೋದ ವಸ್ತುಗಳು ತಿರುಗಿ ಬರುತ್ತಿರಲಿಲ್ಲ. ಲಟ್ಟಣಿಗೆ ಹೋಯಿತು. ಜರಡಿ ಹೋಯಿತು. ಫೋಟೋ ಬರುತ್ತಿತ್ತು, ಜನ ಊರಿನವರೆಲ್ಲರ ಹೆಸರು ಹೇಳುತ್ತಿದ್ದರು, ನನ್ನದೊಂದು ಬಿಟ್ಟು. ನನ್ನ ಅಡುಗೆಮನೆ ಹೇಗಿದೆಯೆಂದು ನೋಡಿದವರು ಯಾರಾದರೂ ಇದ್ದರಲ್ಲವೇ ಹೇಳುವುದಕ್ಕೆ! ನಾನೂ ಹಠಮಾರಿಯೇ. ಗಾಜಿನ ಬಾಟಲಿಯಲ್ಲಿ ಚಪಾತಿ ಲಟ್ಟಿಸುವುದನ್ನು ರೂಢಿ ಮಾಡಿಕೊಂಡೆ, ಹೋದರೆ ಹೋಗಲಿ ಎಂದುಕೊಂಡೆ.

ಆಮೇಲೆ ಒಂದು ದಿನ ಗಂಟೆ ಹೋಯಿತು.

ಅಂಗೈಯಲ್ಲಿ ಹಿಡಿಯುವಂಥ ಹಿತ್ತಾಳೆಯ ಗಂಟೆ ಅದು. ಅತ್ತೆಯ ಎಡಗೈ ಪಕ್ಕ ಇಟ್ಟಿರುತ್ತಿದ್ದೆ. ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ, ಬಚ್ಚಲಿಗೆ ಹೋಗಬೇಕಾದರೆ ಬಾರಿಸುತ್ತಿದ್ದರು. ಅದರ ಹಿಡಿ ತೀರಾ ಸಪೂರವಾಗಿದ್ದರಿಂದ ಬೆರಳಿಗೆ ಹಿಡಿತ ಸಿಗಲೆಂದು ಬಟ್ಟೆ ಸುತ್ತಿ ಹೊಲಿದಿದ್ದೆ. ಮೆಷಿನ್ನಿನ ಗದ್ದಲದಲ್ಲೂ ಕೇಳಿಸುತ್ತಿದ್ದ ಸದ್ದು ಅದೊಂದೇ. ಅತ್ತೆಯ ಬಾಯಿ ಅದೇ ಎಂದರೂ ಸರಿ.

ಫೋಟೋ ಬೇಕರಿಯಿಂದ ಬಂತು. ಗಂಟೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತಂತೆ. ಗುಂಪಿಗೆ ಹಬ್ಬ. ಅರ್ಚಕರದು ಎಂದರು, ಅಲ್ಲ. ಐಸ್ ಕ್ಯಾಂಡಿಯವನದು ಎಂದರು, ಅಲ್ಲ. ಹಸು ಸಾಕಿದ ಎಲ್ಲರ ಹೆಸರೂ ಮುಗಿಯಿತು. ಒಂದೊಂದು ತಪ್ಪಿಗೂ ಒಂದೊಂದು ಮನೆಗೆ ಕೋಡುಬಳೆ, ಚಕ್ಕುಲಿ, ಉಪ್ಪಿಟ್ಟು ಹೋಗುತ್ತಿತ್ತು. ಗಂಟೆ ಮನೆಯಿಂದ ಮನೆಗೆ ಅಲೆಯುತ್ತಿತ್ತು. ಹೋದಲ್ಲೆಲ್ಲ ಅದರ ಫೋಟೋ: ರೇವಣ್ಣನ ಗಿರಣಿಯಲ್ಲಿ ಹಿಟ್ಟು ಮೆತ್ತಿಕೊಂಡ ಗಂಟೆ, ಸ್ಟೆಲ್ಲಾ ಮೇಡಂ ಬೂಟಿನೊಳಗೆ ಗಂಟೆ. "ಇದಕ್ಕೆ ಈ ಊರಲ್ಲಿ ಓಟಿನ ಚೀಟಿ ಕೊಟ್ಬಿಡೋಣ" ಎಂದು ಯಾರೋ ಬರೆದರು. ಐವತ್ತು ಜನ ನಕ್ಕರು.

ನನಗೆ ನಗು ಬರಲಿಲ್ಲ. ಅತ್ತೆಯ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟಿದ್ದೆ, ಮಂಚದ ಪಟ್ಟಿಗೆ ಬಡಿಯಲು. ಒಂದು ಮಧ್ಯಾಹ್ನ ಒಂದು ರಾಶಿ ಸೀರೆ ಮುಗಿಸಿ ಒಳಗೆ ಹೋದರೆ ಹಾಸಿಗೆ ಒದ್ದೆಯಾಗಿತ್ತು. ಬಡಿದಿದ್ದಾರೆ, ಬಡಿದಿದ್ದಾರೆ, ನನಗೆ ಕೇಳಿಸಿಲ್ಲ. ಲೋಟದ ಅಂಚು ನೆಗ್ಗಿಹೋಗಿತ್ತು. ಬಟ್ಟೆ ಬದಲಿಸುವಷ್ಟೂ ಹೊತ್ತು ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಆವತ್ತು ಗುಂಪಿನವರಿಗೆಲ್ಲ ಬಾಯಿಗೆ ಬಂದಂತೆ ಬೈದು ಬರೆಯೋಣವೆಂದು ಫೋನ್ ಹಿಡಿದೆ. ಬೈದರೆ ಸುಳಿವು ಕೊಟ್ಟಂತಾಗುತ್ತದೆ, ಗಂಟೆ ಕೈಬಿಟ್ಟು ಹೋಗುತ್ತದೆ. ಫೋನ್ ಕೆಳಗಿಟ್ಟು ಅತ್ತುಬಿಟ್ಟೆ.

ಮಾರನೆಯ ವಾರ ಸ್ಟೆಲ್ಲಾ ಮೇಡಂ ಬರೆದರು: "ವಿಷಲ್! ಎಲ್ಲರೂ ಕೇಳಿ. ಗಂಟೆ ಹಿಡಿಗೆ ಸುತ್ತಿರೋದು ಸೀರೆ ಫಾಲ್ ಬಟ್ಟೆ. ಅದಕ್ಕೆ ಹಾಕಿರೋದು ಮೆಷಿನ್ ಹೊಲಿಗೆ. ಇದು ಪೀಕೋ ವನಮಾಲಾದು!"

ಈ ಊರಿಗೆ ಬಂದ ಮೇಲೆ ಗುಂಪಿನಲ್ಲಿ ನನ್ನ ಹೆಸರು ಕಂಡಿದ್ದು ಅದೇ ಮೊದಲು. ಕೂಡಲೇ 'ಹೌದು' ಎಂದು ಬರೆದೆ. ಸಂಜೆಯೊಳಗೆ ಗಂಟೆ ಮನೆಗೆ ಬಂತು. ಅತ್ತೆ ಬೇಕಾಗಿಯೂ ಬಾರಿಸಿದರು, ಬೇಡವಾಗಿಯೂ ಬಾರಿಸಿದರು. ನಾನು ಪ್ರತಿ ಸಲವೂ ಎದ್ದು ಹೋದೆ.

ಬೆಳಿಗ್ಗೆ ನೋಡಿದರೆ ಗಂಟೆ ಇಲ್ಲ. ಗಿರಣಿಯ ಪಕ್ಕದ ಮನೆಯವರು ಫೋಟೋ ಹಾಕಿದ್ದರು.

ನನಗೆ ದಿಕ್ಕೇ ತೋಚಲಿಲ್ಲ. ದುಡ್ಡು ಕೊಟ್ಟು ತಂದವಳು ನಾನು, ಬಟ್ಟೆ ಸುತ್ತಿದವಳು ನಾನು. ಆದರೂ ಗಂಟೆ ನನ್ನದಲ್ಲವಂತೆ! ಗುಂಪಿನಲ್ಲಿ ರೇವಣ್ಣನಿಗೆ ಹಿಗ್ಗೋ ಹಿಗ್ಗು. "ಮೇಡಂ, ಒಲೆ ಹಚ್ಚಿ. ವನಮಾಲಾ ಅವರಿಗೆ ಏನು ಇಷ್ಟ ಕೇಳ್ಕೊಳಿ" ಎಂದು ಧ್ವನಿ ಸಂದೇಶ ಕಳಿಸಿ ಕೊನೆಯಲ್ಲಿ ಬಾಯಲ್ಲೇ ವಿಷಲ್ ಊದಿದ್ದ.

ಮಧ್ಯಾಹ್ನ ಸ್ಟೆಲ್ಲಾ ಮೇಡಂ ರವೆ ಉಂಡೆಯ ಡಬ್ಬಿ ಹಿಡಿದುಕೊಂಡು ಬಂದರು. ನಾನು ಬಾಗಿಲಲ್ಲೇ ಕೈ ಚಾಚಿದೆ. ಅಷ್ಟರಲ್ಲಿ ಒಳಗಿಂದ ಲೋಟ ಬಡಿದ ಸದ್ದು ಬಂತು. ನಾನು ಓಡಿದೆ. ತಿರುಗಿ ನೋಡುತ್ತೇನೆ, ಮೇಡಂ ನನ್ನ ಬೆನ್ನಿಗೇ ನಡುಮನೆಯಲ್ಲಿ ನಿಂತಿದ್ದಾರೆ. ಇನ್ನೇನು ಲೊಚಗುಟ್ಟುತ್ತಾರೆ ಎಂದು ಹಲ್ಲು ಕಚ್ಚಿಕೊಂಡೆ.

ಅವರು ಸೊಂಟದ ಮೇಲೆ ಕೈಯಿಟ್ಟು ಅತ್ತೆಯನ್ನು ಗದರಿಸಿದರು. "ಏನಮ್ಮಾ, ಇಷ್ಟು ದಿನ ಎಲ್ಲಿಗೆ ಹೋಗಿದ್ರಿ? ಒಂದು ದಿನಾನೂ ಹಾಜರಿ ಇಲ್ಲ!"

ಅತ್ತೆ ಬೆಚ್ಚಿ ನೋಡಿದರು. ಆಮೇಲೆ ಅವರ ಎಡಗಡೆಯ ತುಟಿ ಮೇಲಕ್ಕೆ ಹೋಯಿತು. ನಕ್ಕಿದ್ದು ಅದು. ಗಂಡ ಹೋದಾಗಿನಿಂದ ನಾನು ಆ ನಗು ನೋಡಿರಲಿಲ್ಲ.

ಮೇಡಂ ಅತ್ತೆಯ ಕೈಯಲ್ಲಿದ್ದ ಲೋಟ ನೋಡಿದರು, ನನ್ನ ಮುಖ ನೋಡಿದರು. "ಗಂಟೆ ನಿಮ್ಮದಲ್ಲ ಕಣ್ರೀ ವನಮಾಲಾ. ಇವರದ್ದು" ಎಂದರು. ಎಷ್ಟು ಸುಲಭದ ಮಾತು! ನನಗೆ ಹೊಳೆದೇ ಇರಲಿಲ್ಲ. "ಇವರ ಹೆಸರು..." ಎಂದು ಬಾಯಿ ತೆಗೆದವರೇ ಗಾಬರಿಯಾಗಿ ಎರಡೂ ಕಿವಿ ಮುಚ್ಚಿಕೊಂಡರು. "ಬೇಡ ಬೇಡ, ಹೇಳ್ಬೇಡಿ! ನೀವು ಹೇಳಿದ್ರೆ ಹೋಯ್ತು ಗಂಟೆ. ವನಮಾಲಾ ಅತ್ತೆ ಅಂದ್ರೂ ನಡೆಯೋಲ್ಲ, ಅದು ನಿಮ್ಮ ಹೆಸರಾಯ್ತು. ನಾವೇ ಕಂಡುಹಿಡೀತೀವಿ."

ಹೀಗೆ ಊರಿಗೆ ಹೊಸ ಪಂದ್ಯ ಶುರುವಾಯಿತು. ಅತ್ತೆಯ ಹೆಸರು ಗೊತ್ತಿದ್ದವಳು ನಾನೊಬ್ಬಳೇ, ನಾನು ಹೇಳುವಂತಿಲ್ಲ. ಗುಂಪಿನಲ್ಲಿ ಹಾಕುವ ಮುಂಚೆ ಅತ್ತೆಯ ಎದುರು ಹೆಸರು ಹೇಳಿ ನೋಡಬೇಕು, ಅವರು ಲೋಟ ಬಡಿದರೆ ಹೌದು, ತಲೆ ಅಲ್ಲಾಡಿಸಿದರೆ ಅಲ್ಲ ಎಂದು ತೀರ್ಮಾನವಾಯಿತು. ಇಸ್ಮಾಯಿಲ್ ಸಾಬರು ಕಾರ್ಡಿನಲ್ಲಿ ಹೆಸರಿದ್ದೀತೆಂದು ರೇಷನ್ ಅಂಗಡಿಯವನನ್ನು ಮೆಲ್ಲಗೆ ಕೇಳಲು ಹೋಗಿ ಸಿಕ್ಕಿಬಿದ್ದರು. ಗುಂಪಿನಲ್ಲಿ ಅವರಿಗೆ ಆದ ಮಂಗಳಾರತಿ ಅಷ್ಟಿಷ್ಟಲ್ಲ.

ಊಟದ ಹೊತ್ತು ಕಳೆದರೆ ಸಾಕು, ಬಾಗಿಲಲ್ಲಿ ಚಪ್ಪಲಿಗಳು. ರೇವಣ್ಣ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಿದ್ದ. "ಮುಖ ನೋಡಿದ್ರೇ ಗೊತ್ತಾಗುತ್ತೆ, ಇವರು ರಾಜಮ್ಮ" ಎನ್ನುತ್ತಿದ್ದ. ಅತ್ತೆ ತಲೆ ಅಲ್ಲಾಡಿಸುವರು. "ಹಾಗಾದ್ರೆ ರಾಣಿಯಮ್ಮ?" ಇಲ್ಲ. "ಇಡೀ ಅರಮನೆ ಮುಗಿಸ್ತೀರಾ?" ಎಂದು ಮೇಡಂ ರೇಗಿಸುತ್ತಿದ್ದರು. ಸಾಬರು ಬರುವಾಗಲೆಲ್ಲ ಹಾಲಿನಲ್ಲಿ ನೆನೆಸಿ ತಿನ್ನಲೆಂದು ಮೆತ್ತನೆಯ ಬನ್ನು ತಂದು, ದಿನಕ್ಕೊಂದೇ ಹೆಸರು ಹೇಳಿ, ಹತ್ತು ಊರ ಸುದ್ದಿ ಹೇಳಿ ಹೋಗುತ್ತಿದ್ದರು. ಬಂದವರಲ್ಲಿ ಒಬ್ಬರೂ ಅಯ್ಯೋ ಪಾಪ ಎನ್ನಲಿಲ್ಲ. ಗೆಲ್ಲುವ ಆತುರದಲ್ಲಿ ಅವರಿಗೆ ಪಾಪ ಎನ್ನಲು ಪುರುಸೊತ್ತೇ ಇರಲಿಲ್ಲ. ನಾನು ಮೆಷಿನ್ನನ್ನು ನಡುಮನೆಯ ಬಾಗಿಲ ಪಕ್ಕಕ್ಕೆ ಎಳೆದುಕೊಂಡೆ.

ಒಂದು ದಿನ ಸ್ಟೆಲ್ಲಾ ಮೇಡಂ ಹಾಜರಿ ತೆಗೆದುಕೊಳ್ಳುತ್ತೇನೆಂದು ಎದ್ದು ನಿಂತರು. ವಿಷಲ್ ಊದಿ, ಶಾಲೆಯಲ್ಲಿ ಕರೆಯುವ ಹಾಗೆ ಕರೆಯತೊಡಗಿದರು. "ಗಂಗಮ್ಮ! ತುಂಗಮ್ಮ! ಕಾವೇರಮ್ಮ!"

ನನ್ನ ಕಾಲು ಪೆಡಲಿನ ಮೇಲೆಯೇ ನಿಂತುಬಿಟ್ಟಿತು. ತುಂಗಮ್ಮ. ಬಂತಲ್ಲ ಹೆಸರು! ಲೋಟದ ಸದ್ದಿಗಾಗಿ ಕಿವಿ ನೆಟ್ಟಗೆ ಮಾಡಿಕೊಂಡೆ. ಸದ್ದಿಲ್ಲ. ಬಗ್ಗಿ ನೋಡಿದರೆ ಅತ್ತೆ ಗಂಗಮ್ಮನಿಗೆ ಹೇಗೋ ಹಾಗೆಯೇ ತುಂಗಮ್ಮನಿಗೂ ತಲೆ ಅಲ್ಲಾಡಿಸುತ್ತಿದ್ದಾರೆ. ಮೇಡಂ ಗೋದಾವರಿಗೆ ಹೋದರು, ನರ್ಮದೆಗೆ ಹೋದರು, ನದಿಗಳೆಲ್ಲ ಮುಗಿದ ಮೇಲೆ ಬೇಸರಪಟ್ಟುಕೊಂಡು ಮನೆಗೆ ಹೋದರು.

ಈ ಊರಿನಲ್ಲಿ ತಮ್ಮದನ್ನು ತಮ್ಮದಲ್ಲ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹಾಗೂ ಒಬ್ಬರು ಮಾಡಿಯಾರು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಮರುದಿನ ತಲೆ ಬಾಚುವಾಗ ಕೇಳಿಯೇಬಿಟ್ಟೆ. "ಏನತ್ತೆ ಇದು? ಅವರು ನಿಮ್ಮ ಹೆಸರೇ ಹೇಳಿದ್ರಲ್ಲ. ಯಾಕೆ ಬಡೀಲಿಲ್ಲ?"

ಅತ್ತೆ ಎಡಗೈ ಎತ್ತಿ ತುಟಿಯ ಮೇಲೆ ಬೆರಳಿಟ್ಟರು. ಅವರ ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. ನನಗೆ ಸಿಟ್ಟು ಬಂತು. ಗಂಟೆಗಾಗಿ ನಾನು ಇಷ್ಟು ಒದ್ದಾಡುತ್ತಿದ್ದರೆ ಇವರಿಗೆ ಆಟ! ಬಾಚಣಿಗೆ ಕೆಳಗಿಟ್ಟೆ. ಆಗ ಅವರು ಗೋಡೆಯ ಗಡಿಯಾರದ ಕಡೆ ನೋಡಿ, ಬಾಗಿಲ ಕಡೆ ನೋಡಿ, ಸೆರಗು ಸರಿಮಾಡು ಎಂದು ಸನ್ನೆ ಮಾಡಿದರು. ಜನ ಬರುವ ಹೊತ್ತಿಗೆ ಚೆನ್ನಾಗಿ ಕಾಣಬೇಕು. ಹೆಸರು ಸಿಕ್ಕಿದರೆ ಪಂದ್ಯ ಮುಗಿಯಿತು, ಪಂದ್ಯ ಮುಗಿದರೆ ಯಾರು ಬರುತ್ತಾರೆ? ನನಗೆ ಅರ್ಥವಾಯಿತು. ಬಾಗಿಲು ಮುಚ್ಚಿ ಅವರನ್ನು ಕಾಪಾಡಿದೆನೆಂದು ನಾನು ಬೀಗುತ್ತಿದ್ದೆ. ಅವರು ಒಳಗೆ ಮನುಷ್ಯರ ಮುಖಕ್ಕಾಗಿ ಹಂಬಲಿಸುತ್ತಿದ್ದರು. ಸೆರಗು ಸರಿಮಾಡಿ ಹಣೆಗೆ ವಿಭೂತಿ ಇಟ್ಟೆ. ಯಾರಿಗೂ ಏನೂ ಹೇಳಲಿಲ್ಲ.

ಮದುವೆಯ ಕಾಲ ಬಂತು. ಒಂದು ಮಧ್ಯಾಹ್ನ ರೇಷ್ಮೆ ಸೀರೆಯೊಂದನ್ನು ಅವಸರದಲ್ಲಿ ಎಳೆಯುತ್ತಿದ್ದಾಗ ಮೆಷಿನ್ ಸೂಜಿ ನನ್ನ ತೋರುಬೆರಳಿನ ಉಗುರನ್ನು ತೂರಿಕೊಂಡು ಇಳಿದುಬಿಟ್ಟಿತು. ಕೈ ಸಿಕ್ಕಿಕೊಂಡಿತ್ತು. ಕೂಗಿದ್ದು ನೆನಪಿದೆ, ಆಮೇಲೆ ಕಣ್ಣು ಕತ್ತಲೆ ಬಂದು ತಲೆ ಮೆಷಿನ್ನಿನ ಮೇಲೆ ಬಿತ್ತು. ಅತ್ತೆಗೆ ಎಲ್ಲ ಕಾಣುತ್ತಿತ್ತು, ಮೂರು ಮಾರು ದೂರ. ಲೋಟ ಬಡಿದಿದ್ದಾರೆ. ಬಡಿಯುತ್ತಾ ಬಡಿಯುತ್ತಾ ಅದು ಕೈಜಾರಿ ಮಂಚದ ಕೆಳಗೆ ಉರುಳಿಹೋಗಿದೆ. ಆಮೇಲೆ ಬರಿಗೈಯಿಂದ ಪಟ್ಟಿಗೆ ಗುದ್ದಿದ್ದಾರೆ. ಬೀದಿಗೆ ಅದು ಕೇಳಿಸುವುದೆಲ್ಲಿಂದ ಬಂತು?

ಆ ದಿನದ ಹೆಸರು ಹೊತ್ತುಕೊಂಡು ರೇವಣ್ಣ ಬಂದ, ನನ್ನ ಪುಣ್ಯ. ಬಾಗಿಲಿಂದಲೇ "ಅಮ್ಮಾ, ಇವತ್ತು ಗ್ಯಾರಂಟಿ..." ಎಂದವನು ನೋಡಿ ಬೆವೆತುಹೋದ. ಆದರೂ ಗಿರಣಿಯವನಲ್ಲವೇ, ಮೊದಲು ಸ್ವಿಚ್ ಆರಿಸಿದ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ ಸೂಜಿ ಮೇಲೆತ್ತಿದ, ಡಾಕ್ಟರ ಹತ್ತಿರ ಕರೆದೊಯ್ದ. ನಾವು ಬರುವವರೆಗೆ ಸಾಬರು ಅತ್ತೆಯ ಪಕ್ಕ ಕೂತಿದ್ದರು. ಅತ್ತೆಯ ಎಡಗೈ ಗೆಣ್ಣುಗಳೆಲ್ಲ ಸುಲಿದುಹೋಗಿದ್ದವು. ಸಾಬರೇ ಅದಕ್ಕೆ ಅರಿಶಿನ ಹಚ್ಚಿದ್ದರು.

ನನ್ನ ಕೈ ವಾಸಿಯಾಗುವವರೆಗೆ ನಮ್ಮ ಒಲೆ ಉರಿಯಲಿಲ್ಲ. ಯಾರ ಸಾರು ಚೆನ್ನ ಎಂದು ಗುಂಪಿನಲ್ಲಿ ಅದಕ್ಕೂ ಪಂದ್ಯ. "ಗಿರಣಿ ಮನೆ ಸಾರಿಗೆ ಉಪ್ಪು ಯಾರದು, ಫೋಟೋ ಹಾಕ್ರಪ್ಪ, ನಮ್ಮನೆಗಂತೂ ಬಂದಿಲ್ಲ" ಎಂದು ಮೇಡಂ ಬರೆದರೆ, "ಮೇಡಂ ಮನೆ ಅನ್ನ ಇನ್ನೂ ಡ್ರಿಲ್ ಮಾಡ್ತಾ ಇದೆ, ಬೆಂದಿಲ್ಲ" ಎಂದು ರೇವಣ್ಣ. ನಾನು ಆ ಸಪ್ಪೆ ಸಾರನ್ನೂ ಬೇಯದ ಅನ್ನವನ್ನೂ ಕಣ್ಣೀರು ಒರೆಸಿಕೊಂಡು ತಿಂದೆ. ಜೀವಮಾನದಲ್ಲಿ ಅಷ್ಟು ರುಚಿಯಾದ ಊಟ ಮಾಡಿಲ್ಲ.

ಬೆರಳಿನ ಪಟ್ಟಿ ಬಿಚ್ಚಿದ ದಿನ ಎಲ್ಲರೂ ಸೇರಿದ್ದರು. ಗಂಟೆ ಆ ದಿನ ಸಾಬರ ಮನೆಗೆ ಬಂದಿತ್ತು, ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮೇಡಂ ಕೈಚೆಲ್ಲಿ ಕೂತರು. "ನನ್ನ ಹತ್ರ ಹೆಸರೇ ಖಾಲಿ. ಮೊದಲಿಂದ ಇನ್ನೊಂದು ಸಲ ಹಾಜರಿ ತಗೋತೀನಿ, ಆಮೇಲೆ ಸೋತೆ ಅಂತ ಬರೆದುಕೊಡ್ತೀನಿ" ಎಂದು ಸಪ್ಪಗೆ ಶುರುಮಾಡಿದರು. "ಗಂಗಮ್ಮ. ತುಂಗಮ್ಮ."

ಠಣ್!

ಅತ್ತೆ ಲೋಟ ಬಡಿದಿದ್ದರು. ಮೇಡಂಗೆ ನಂಬಿಕೆ ಬರಲಿಲ್ಲ. "ತುಂಗಮ್ಮ?" ಎಂದರು. ಠಣ್ ಠಣ್.

"ಇದನ್ನ ನಾನು ಅವತ್ತೇ ಹೇಳಿದ್ದೆ! ಅವತ್ತೇ ಕರೆದಿದ್ದೆ!" ಎಂದು ಮೇಡಂ ಎದ್ದು ಕುಣಿದರು.

"ಅಮ್ಮ ಸುಳ್ಳು ಹೇಳಿದ್ರಾ?" ರೇವಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ತಮ್ಮ ಹೆಸರನ್ನೇ ತಮ್ಮದಲ್ಲ ಅಂದ್ರಾ? ಇಷ್ಟು ದಿನ ನಮ್ಮನ್ನೆಲ್ಲಾ ಕುಣಿಸಿದ್ರಾ? ಅಮ್ಮಾ, ನಿಮ್ಮ ಕಾಲೆಲ್ಲಿ, ನಮಸ್ಕಾರ ಮಾಡ್ಬೇಕು!"

ಕೋಣೆ ಬಿದ್ದುಹೋಗುವಷ್ಟು ನಗು. ಅತ್ತೆ ಮಾತ್ರ ನಗಲಿಲ್ಲ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ಸಾಬರು ಗಂಟೆಯನ್ನು ಅವರ ಕೈಗಿಟ್ಟು, "ತುಂಗಮ್ಮನವರೇ, ಇದು ನಿಮ್ಮದು" ಎಂದಾಗ ಅದನ್ನು ಎದೆಗೆ ಒತ್ತಿಕೊಂಡರು. ಮರುದಿನ ಬೆಳಿಗ್ಗೆಯೂ ಗಂಟೆ ಅಲ್ಲೇ ಇತ್ತು.

ಜನ ಬರಲಿ ಎಂದು ಬಚ್ಚಿಟ್ಟುಕೊಂಡಿದ್ದ ಹೆಸರನ್ನು ಅವರು ನನಗೋಸ್ಕರ ಬಿಟ್ಟುಕೊಟ್ಟಿದ್ದರು. ಇನ್ನೊಮ್ಮೆ ನಾನು ಬಿದ್ದರೆ ಊರಿಗೆ ಕೇಳಿಸುವ ಹಾಗೆ ಕೂಗಲು ಅವರಿಗೆ ಒಂದು ಬಾಯಿ ಬೇಕಾಗಿತ್ತು. ಅದಕ್ಕೆ ಕೊಟ್ಟ ಬೆಲೆ ಅವರಿಗೆ ಗೊತ್ತಿತ್ತು. ಆ ಮಧ್ಯಾಹ್ನ ಸೆರಗು ಸರಿಮಾಡಲು ಹೋದರೆ, ಯಾಕೆ, ಯಾರು ಬರುತ್ತಾರೆ ಎನ್ನುವ ಹಾಗೆ ಕೈಯಾಡಿಸಿದರು. ಆದರೂ ನಾನು ಸರಿಮಾಡಿದೆ.

ಊಟದ ಹೊತ್ತು ಕಳೆಯಿತು. ಬಾಗಿಲಲ್ಲಿ ಯಾರೂ ಇಲ್ಲ. ಗುಂಪಿನಲ್ಲಿ ಯಾರದೋ ಇಕ್ಕಳದ ಫೋಟೋ ಬಂದಿತ್ತು, ಎಲ್ಲರೂ ಅದರ ಹಿಂದೆ ಬಿದ್ದಿದ್ದರು. ಅತ್ತೆ ಗಂಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲು ನೋಡುತ್ತಿದ್ದರು. ನಾನೇ ಹೋಗಿ ಕರೆದುಕೊಂಡು ಬರಲೇ ಎಂದು ಮೆಷಿನ್ ನಿಲ್ಲಿಸಿ ಎದ್ದೆ. ಇನ್ನೊಬ್ಬರ ಬಾಗಿಲಿಗೆ ಹೋಗಿ ಬನ್ನಿ ಎಂದು ಕರೆದವಳಲ್ಲ ನಾನು. ಆವತ್ತು ಚಪ್ಪಲಿ ಮೆಟ್ಟಿಕೊಂಡೆ.

ಬೀದಿಯ ತಿರುವಿನಲ್ಲಿ ಜಗಳದ ಸದ್ದು ಕೇಳಿಸಿತು.

"ಮೊದಲು ಹೇಳಿದಾಗ ಅವರು ಇಲ್ಲ ಅಂದಿದ್ರು, ಆ ಪಾಯಿಂಟು ಲೆಕ್ಕಕ್ಕಿಲ್ಲ ಮೇಡಂ!"

"ಅದನ್ನ ನೀವು ಹೇಳ್ಬೇಡಿ. ತುಂಗಮ್ಮನವರೇ ತೀರ್ಪು ಹೇಳ್ಲಿ. ನಡೀರಿ, ಆಗ್ಲೇ ಹೊತ್ತಾಯ್ತು, ಪಾಪ ಕಾಯ್ತಾ ಇರ್ತಾರೆ."

ನಾನು ಚಪ್ಪಲಿ ಬಿಟ್ಟು ಒಳಗೆ ಓಡಿ ಚಾಪೆ ಹಾಸಿದೆ.